ಜಂಗು ಹಿಡಿದ ಹಂಚು: ಉಜ್ಜುವುದಾ, ನೆನೆಸುವುದಾ? ಪಳಗಿಸಲು ಯಾವ ಎಣ್ಣೆ?

ಶ್ರಾವಣ ಬಂತು ಅಂದರೆ ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಹಂಚಿಗೆ ಬಿಡುವಿಲ್ಲ. ರೊಟ್ಟಿ ಪಂಚಮಿಗೆ ರಾಶಿಗಟ್ಟಲೆ ರೊಟ್ಟಿ ಬಡಿದು ಓಣಿಯ ತುಂಬ ಬೀರುತ್ತಾರೆ. ಅದರ ಬೆನ್ನಿಗೇ ನಾಗಪಂಚಮಿ. ಆ ದಿನ ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಹಂಚು ಇಡುವುದೇ ಇಲ್ಲ. ತೊಳೆದ ಹಂಚು ಕಟ್ಟೆಯ ಮೂಲೆಗೆ ಒರಗಿರುತ್ತದೆ, ಹೊರಗೆ ಜಿಟಿಜಿಟಿ ಮಳೆ. ಹಬ್ಬದ ಗದ್ದಲ ಮುಗಿಸಿ ಕೈಗೆತ್ತಿಕೊಂಡರೆ ಅಂಚಿನ ಗುಂಟ ಕೆಂಪು ಪುಡಿ, ನಡುವೆ ಕಂದು ಚುಕ್ಕಿ. ಜಂಗು ಹಿಡಿದಿದೆ.

ಈಗ ಕೇಳಿದವರೆಲ್ಲ ಒಂದೊಂದು ಹೇಳುತ್ತಾರೆ. ಒಬ್ಬರು ವಿನೆಗರ್ ಅಂತಾರೆ, ಇನ್ನೊಬ್ಬರು ಪಾಲಿಶ್ ಪೇಪರ್ ಅಂತಾರೆ. ಮೊಬೈಲ್ ತೆರೆದರೆ ಪಳಗಿಸಲು, ಅಂದರೆ ಎಣ್ಣೆ ಸವರಿ ಕಾಯಿಸಿ ಮೈಮೇಲೆ ಗಟ್ಟಿ ಪದರ ಕಟ್ಟಿಸಲು, ಅಗಸೆ ಎಣ್ಣೆ, ಓವನ್, ಆರು ಕೋಟು ಅಂತ ಶುರುವಾಗುತ್ತದೆ. ಎಲ್ಲವೂ ಒಂದಲ್ಲ ಒಂದು ಹಂಚಿಗೆ ಸರಿಯೇ. ನಿಮ್ಮ ಹಂಚಿಗೆ ಯಾವುದು ಅನ್ನುವುದು ಎರಡೇ ವಿಷಯದ ಮೇಲೆ ನಿಂತಿದೆ: ಜಂಗು ಎಷ್ಟು ಆಳಕ್ಕೆ ಇಳಿದಿದೆ, ಮತ್ತು ಆ ಹಂಚಿನ ಮೇಲೆ ನೀವು ಏನು ಬೇಯಿಸುತ್ತೀರಿ. ಬಹಳಷ್ಟು ಜನ ಬೇಕಿರುವುದಕ್ಕಿಂತ ಜಾಸ್ತಿ ಮಾಡುತ್ತಾರೆ ಅನ್ನುವುದು ನನ್ನ ಅನಿಸಿಕೆ. ಅಡುಗೆಮನೆಯಲ್ಲಿ ದಿನವಿಡೀ ಹೊಗೆ ಎಬ್ಬಿಸಿಕೊಂಡು ಕೂತಿದ್ದ ನನ್ನನ್ನು ನೋಡಿ ನಮ್ಮ ಚಿಗವ್ವ ಕೇಳಿದ್ದಳು: "ರೊಟ್ಟಿ ಹಂಚಿಗೆ ಇಷ್ಟ್ಯಾಕ ಸಿಂಗಾರ ಮಾಡ್ತಿ ಬೇ?" ರೊಟ್ಟಿ ಹಂಚಿನ ಮಟ್ಟಿಗೆ ಅವಳ ಮಾತು ನಿಜ. ದೋಸೆ ಹಂಚಿನ ಮಟ್ಟಿಗೆ ಅಲ್ಲ. ಯಾಕೆ ಅನ್ನುವುದು ಮುಂದೆ ಬರುತ್ತದೆ.

ಮೊದಲು ಹಂಚು ಯಾವುದು ನೋಡಿ

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಥರದ ಕಬ್ಬಿಣ ಇರುತ್ತದೆ. ಒಂದು ತಗಡಿನಿಂದ ಬಡಿದು ಅಥವಾ ಒತ್ತಿ ಮಾಡಿದ ಹಂಚು. ಇದು ತೆಳು, ಹಗುರ, ಬೇಗ ಕಾಯುತ್ತದೆ. ಇನ್ನೊಂದು ಬೀಡು, ಅಂದರೆ ಎರಕ ಹೊಯ್ದದ್ದು. ಇದು ದಪ್ಪ, ಭಾರ, ಮೈ ಸ್ವಲ್ಪ ತರಿತರಿ. ಕಲ್ಲಿನ ನೆಲಕ್ಕೆ ಬಿದ್ದರೆ ಬೀಡು ಒಡೆಯುತ್ತದೆ, ತಗಡು ಡೊಂಕಾಗುತ್ತದೆ. ಪಡ್ಡಿನ ಹಂಚು ಹೆಚ್ಚಾಗಿ ಬೀಡಿನದೇ.

ಎರಡಕ್ಕೂ ಕೆಳಗೆ ಹೇಳುವ ಉಪಾಯಗಳು ನಡೆಯುತ್ತವೆ. ಆದರೆ ತೆಳು ತಗಡಿನ ಹಂಚನ್ನು ಇಂಡಕ್ಷನ್ ಒಲೆಯ ಮೇಲೆ ಒಮ್ಮೆಲೇ ಜೋರಾಗಿ ಕಾಯಿಸಿದರೆ ನಡುವೆ ಉಬ್ಬಿ ಬಾಗಬಹುದು. ಬೀಡನ್ನು ಕೆಂಪಗೆ ಕಾಯಿಸಿ ತಣ್ಣೀರು ಹೊಯ್ದರೆ ಸೀಳು ಬಿಡಬಹುದು. ನಾನ್‌ಸ್ಟಿಕ್ ಮತ್ತು ಅಲ್ಯುಮಿನಿಯಂ ತವಾಗಳ ಕಥೆಯೇ ಬೇರೆ, ಅವು ಈ ಲೆಕ್ಕಕ್ಕೆ ಬರುವುದಿಲ್ಲ.

ಜಂಗು ಎಷ್ಟು ಆಳ?

ಒಣ ಬಿಳಿ ಬಟ್ಟೆ ತಗೊಂಡು ಒಂದು ಸಲ ಒತ್ತಿ ಒರೆಸಿ. ಕೆಂಪು ಪುಡಿ ಬಟ್ಟೆಗೆ ಬಂದು ಕೆಳಗೆ ಕಪ್ಪು ಮೈ ಕಂಡರೆ ಅದು ಬರೀ ಮೇಲಿನದು. ಪುಡಿ ಹೋದ ಮೇಲೂ ಕಂದು ಕಲೆ ಉಳಿದು, ಕೈಯಾಡಿಸಿದರೆ ಸ್ವಲ್ಪ ಒರಟು ಅನ್ನಿಸಿದರೆ ನಡುಮಟ್ಟದ್ದು. ಉಗುರಿನಿಂದ ಕೆದರಿದರೆ ಹಕ್ಕಳೆ ಏಳುತ್ತಿದ್ದರೆ, ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದ ಅಜ್ಜಿಯ ಹಂಚಿನ ಹಾಗೆ, ಅದು ಆಳಕ್ಕೆ ಇಳಿದ ಜಂಗು.

ಮೊದಲನೆಯದಕ್ಕೆ ಹತ್ತು ನಿಮಿಷ ಸಾಕು. ಅದಕ್ಕೂ ವಿನೆಗರ್ ಟಬ್ ಹಚ್ಚಿಕೊಂಡು ಕೂರುವವರನ್ನು ನೋಡಿದರೆ ನನಗೆ ನಗು ಬರುತ್ತದೆ.

ಉಜ್ಜುವ ದಾರಿ

ಮೇಲಿನ ಜಂಗಿಗೆ ಎರಡು ಚಮಚ ಎಣ್ಣೆ, ಒಂದು ಹಿಡಿ ಹರಳುಪ್ಪು, ಹಳೆಯ ಅರಿವೆ. ಗಸಗಸ ಉಜ್ಜಿ, ಬಿಸಿನೀರಿನಿಂದ ತೊಳೆದು, ಒಲೆಯ ಮೇಲೆ ಒಣಗಿಸಿ. ಇಷ್ಟೇ. ಉಪ್ಪು ಹಂಚಿನ ಮೇಲೆ ಉಳಿಯಬಾರದು. ಉಪ್ಪು ಮತ್ತು ತೇವ ಸೇರಿದರೆ ಜಂಗು ಇನ್ನೂ ಬೇಗ ಹಿಡಿಯುತ್ತದೆ. ಮನೆಯ ಬೋರ್ ನೀರು ಸವಳಾಗಿದ್ದರೆ ಕಡೆಯ ಸಲ ಕುಡಿಯುವ ನೀರಲ್ಲಿ ಜಾಲಿಸಿ. ಆಲೂಗಡ್ಡೆ ಕತ್ತರಿಸಿ ಉಪ್ಪು ಹಚ್ಚಿ ಉಜ್ಜುವ ವಿಡಿಯೊ ನೀವೂ ನೋಡಿರುತ್ತೀರಿ. ಅದರಲ್ಲೂ ಹೆಚ್ಚಿನ ಕೆಲಸ ಮಾಡುವುದು ಉಪ್ಪಿನ ಹರಳೇ. ಆಲೂಗಡ್ಡೆಯನ್ನು ಪಲ್ಯಕ್ಕೆ ಇಟ್ಟುಕೊಳ್ಳಿ.

ನಡುಮಟ್ಟದ ಜಂಗಿಗೆ ಸ್ಟೀಲ್ ಸ್ಕ್ರಬ್ಬರ್ ಅಥವಾ ಪಾಲಿಶ್ ಪೇಪರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ನಂಬರ್ ಕೇಳುತ್ತಾರೆ. ನಂಬರ್ ಚಿಕ್ಕದಿದ್ದಷ್ಟೂ ಪೇಪರ್ ಒರಟು. ದುರ್ಗದ ಬೈಲಿನ ಕಡೆ ಒಬ್ಬ ಅಂಗಡಿಯಾತ ನಾನು ಬಾಯಿ ಬಿಡುವ ಮೊದಲೇ ಕೈಯಲ್ಲಿನ ಹಂಚು ನೋಡಿ, "ಅಕ್ಕಾರ, 120 ನಂಬರ್ ಒಯ್ರಿ, ಸಾಕಾಗ್ತದ" ಅಂದಿದ್ದ. ಸರಿಯಾಗಿಯೇ ಹೇಳಿದ. ತೆಳು ಜಂಗಿಗೆ 80 ತೀರಾ ಒರಟಾಯಿತು, ಗೀರು ಉಳಿಯುತ್ತದೆ. 120ರಲ್ಲಿ ಜಂಗು ತೆಗೆದು, ಬೇಕಿದ್ದರೆ 220ರಲ್ಲಿ ಒಮ್ಮೆ ನಯ ಮಾಡಿಕೊಳ್ಳಬಹುದು. ಅದಕ್ಕಿಂತ ಮುಂದೆ ಹೋಗಿ ಫಳಫಳ ಹೊಳೆಸಬೇಡಿ. ಎಣ್ಣೆಯ ಪದರ ಹಿಡಿದು ನಿಲ್ಲಲು ಕಬ್ಬಿಣದ ಮೈಗೆ ಸ್ವಲ್ಪ ಒರಟುತನ ಬೇಕು.

ಒಣ ಪೇಪರಿನಿಂದ ಉಜ್ಜಿದರೆ ಜಂಗಿನ ಪುಡಿ ಮೂಗಿಗೆ ಹೋಗುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಇಲ್ಲವೇ ನಾಲ್ಕು ಹನಿ ಎಣ್ಣೆ ಹಾಕಿಕೊಂಡು ಉಜ್ಜಿ.

ಉಜ್ಜುವುದರ ದೊಡ್ಡ ಲಾಭ ಏನೆಂದರೆ ಎಲ್ಲಿ ಜಂಗಿದೆಯೋ ಅಲ್ಲಿ ಮಾತ್ರ ಉಜ್ಜಬಹುದು. ಹಂಚಿನ ಉಳಿದ ಕಡೆ ವರ್ಷಗಳಿಂದ ಕಟ್ಟಿದ ಕಪ್ಪು ಪದರ ಹಾಗೇ ಉಳಿಯುತ್ತದೆ. ಕೊರತೆ ಅಂದರೆ ತೋಳು ನೋವು. ಜೊತೆಗೆ ಪಡ್ಡಿನ ಹಂಚಿನ ಗುಳಿಗಳಲ್ಲಿ, ಹಿಡಿಕೆಯ ರಿವೆಟ್ ಸುತ್ತ, ಕಂಠದ ಮಡಿಕೆಯಲ್ಲಿ ಪೇಪರ್ ಹೋಗುವುದೇ ಇಲ್ಲ.

ನೆನೆಸುವ ದಾರಿ

ಹುಳಿ ಜಂಗನ್ನು ಕರಗಿಸುತ್ತದೆ. ಪ್ರಶ್ನೆ ಯಾವ ಹುಳಿ, ಎಷ್ಟು ಹೊತ್ತು ಅನ್ನುವುದು.

ಕಿರಾಣಿ ಅಂಗಡಿಯ ಬಿಳಿ ವಿನೆಗರ್‌ನಲ್ಲಿ ಸುಮಾರು ನೂರಕ್ಕೆ ನಾಲ್ಕು ಪಾಲು ಅಸಿಟಿಕ್ ಆಮ್ಲ ಇರುತ್ತದೆ. ಅದಕ್ಕೆ ಅಷ್ಟೇ ನೀರು ಸೇರಿಸಿ ಪ್ಲಾಸ್ಟಿಕ್ ಟಬ್‌ನಲ್ಲಿ ಹಂಚು ಮುಳುಗಿಸಿ. ಅರ್ಧ ಗಂಟೆಗೆ ಎತ್ತಿ ಸ್ಕ್ರಬ್ಬರ್‌ನಿಂದ ಉಜ್ಜಿ ನೋಡಿ. ಹೋಗದಿದ್ದರೆ ಇನ್ನೊಂದು ಅರ್ಧ ಗಂಟೆ. ಜಂಗು ತೀರಿದ ಮೇಲೂ ಹುಳಿ ಸುಮ್ಮನೆ ಕೂರುವುದಿಲ್ಲ, ಒಳ್ಳೆಯ ಕಬ್ಬಿಣವನ್ನೇ ತಿನ್ನುತ್ತದೆ. ರಾತ್ರಿಯಿಡೀ ಬಿಟ್ಟ ತೆಳು ಹಂಚು ಬೆಳಿಗ್ಗೆ ಬೂದಿ ಬಣ್ಣಕ್ಕೆ ತಿರುಗಿ ಸಣ್ಣ ಸಣ್ಣ ಗುಂಡಿ ಬಿದ್ದಿರುತ್ತದೆ.

ಇದಕ್ಕಿಂತ ನನಗೆ ಇಷ್ಟವಾಗುವುದು ನಿಂಬೆ ಉಪ್ಪು. ಅಂದರೆ ಸಿಟ್ರಿಕ್ ಆಮ್ಲದ ಹರಳು. ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಮೂರು ದೊಡ್ಡ ಚಮಚ. ವಿನೆಗರ್‌ನಂತೆ ಮನೆಯೆಲ್ಲ ನಾತ ಬರುವುದಿಲ್ಲ, ಒಂದು ಸಣ್ಣ ಪೊಟ್ಟಣ ಬಹಳ ದಿನ ಬರುತ್ತದೆ, ಮತ್ತು ಬಿಸಿ ನೀರಲ್ಲಿ ಕೆಲಸವೂ ಚುರುಕು. ಇದಕ್ಕೂ ಅರ್ಧರ್ಧ ಗಂಟೆಯ ಲೆಕ್ಕವೇ. ನೋಡಲು ಸಕ್ಕರೆಯ ಹಾಗೇ ಇರುತ್ತದೆ, ಡಬ್ಬಿಯ ಮೇಲೆ ಹೆಸರು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಿ. ನಿಂಬೆಹಣ್ಣನ್ನೇ ಹಿಂಡಿದರೆ ಆಗದಾ ಅಂದರೆ, ರಸದಲ್ಲೂ ನೂರಕ್ಕೆ ಐದಾರು ಪಾಲು ಅದೇ ಆಮ್ಲ ಇದೆ, ಆದರೆ ಹಂಚು ಮುಳುಗುವಷ್ಟು ರಸಕ್ಕೆ ಎಷ್ಟು ಹಣ್ಣು ಬೇಕು ಯೋಚಿಸಿ. ಒಂದೆರಡು ಕಲೆಗೆ ಅರ್ಧ ಹೋಳು ಸಾಕು. ಹುಣಸೆಹಣ್ಣು ಹಿತ್ತಾಳೆ, ತಾಮ್ರಕ್ಕೆ ಚೆನ್ನ. ಕಬ್ಬಿಣದ ಜಂಗಿಗೆ ನಿಧಾನ, ಜೊತೆಗೆ ನಾರು ಜಾಲಿಸುವ ಕೆಲಸ ಬೇರೆ.

ಟಬ್‌ನಲ್ಲಿ ಹಿಡಿಸದ ದೊಡ್ಡ ಹಂಚಾದರೆ ಹೀಗೆ ಮಾಡಿ. ಹಳೆಯ ಹತ್ತಿ ಬಟ್ಟೆಯನ್ನು ನಿಂಬೆ ಉಪ್ಪಿನ ನೀರಲ್ಲಿ ಅದ್ದಿ ಜಂಗು ಹಿಡಿದ ಕಡೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ. ಬಟ್ಟೆ ಒಣಗದಿದ್ದರೆ ಸಾಕು. ನಡುವೆ ತಗ್ಗಿರುವ ರೊಟ್ಟಿ ಹಂಚಾದರೆ ಅದರೊಳಗೇ ನೀರು ತುಂಬಿಸಿ ಇಡಬಹುದು.

ನೆನೆಸುವುದರ ಕೊರತೆ ಒಂದೇ, ಆದರೆ ದೊಡ್ಡದು. ಹುಳಿಗೆ ಜಂಗು ಯಾವುದು, ಹಳೆಯ ಎಣ್ಣೆಯ ಪದರ ಯಾವುದು ಅನ್ನುವ ಭೇದ ಇಲ್ಲ. ಪದರವೂ ಅಲ್ಲಲ್ಲಿ ಸಡಿಲಾಗಿ ಏಳುತ್ತದೆ. ಹೀಗಾಗಿ ನೆನೆಸಿದ ಹಂಚನ್ನು ಮೊದಲಿಂದ ಪಳಗಿಸಲೇಬೇಕು. ಅರ್ಧ ಹಂಚು ಚೆನ್ನಾಗಿದ್ದರೆ ಉಜ್ಜುವುದೇ ಮೇಲು. ಎಲ್ಲ ಕಡೆ ಹಿಡಿದಿದ್ದರೆ, ಅಥವಾ ಪಡ್ಡಿನ ಹಂಚಾಗಿದ್ದರೆ, ನೆನೆಸಿ.

ಕರೆಂಟಿನ ದಾರಿ, ವರ್ಕ್‌ಶಾಪಿನ ದಾರಿ

ಹಕ್ಕಳೆ ಏಳುವಷ್ಟು ಜಂಗಿದ್ದರೆ ಇವೆರಡು ಉಳಿಯುತ್ತವೆ. ಹಳೆಯ ಮಾದರಿಯ 12 ವೋಲ್ಟ್ ಬ್ಯಾಟರಿ ಚಾರ್ಜರ್ ಇದ್ದು, ಕೈಗೆ ಅಭ್ಯಾಸವೂ ಇದ್ದರೆ ಕರೆಂಟಿನಿಂದ ಜಂಗು ಬಿಡಿಸಬಹುದು. ಪ್ಲಾಸ್ಟಿಕ್ ಬಕೆಟ್‌ನ ನೀರಿಗೆ ಎರಡು ಮೂರು ಚಮಚ ವಾಷಿಂಗ್ ಸೋಡಾ. ಚಾರ್ಜರ್‌ನ ನೆಗೆಟಿವ್ ಕ್ಲಿಪ್ ಹಂಚಿಗೆ, ಪಾಸಿಟಿವ್ ಕ್ಲಿಪ್ ಒಂದು ಗುಜರಿ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಆ ತುಂಡು ಸ್ಟೇನ್‌ಲೆಸ್ ಸ್ಟೀಲ್ ಆಗಿರಲೇಬಾರದು, ಅದರೊಳಗಿನ ಕ್ರೋಮಿಯಂ ನೀರಿಗೆ ಬಿಟ್ಟುಕೊಂಡು ವಿಷವಾಗುತ್ತದೆ. ಸೋಡಾ ಬದಲು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಹೇಗೆ ಮಾಡಿದರೂ ಹೈಡ್ರೋಜನ್ ಬರುವುದರಿಂದ ಬಯಲಲ್ಲೇ ಮಾಡಬೇಕು, ಹತ್ತಿರ ಬೀಡಿ-ಬೆಂಕಿ ಸುಳಿಯಬಾರದು, ನೀರಿಗೆ ಕೈ ಹಾಕುವ ಮೊದಲು ಪ್ಲಗ್ ಕೀಳಬೇಕು. ಇದರ ಗುಣ ಏನೆಂದರೆ ಒಳ್ಳೆಯ ಕಬ್ಬಿಣಕ್ಕೆ ಏಟಿಲ್ಲ, ಎಷ್ಟು ಹೊತ್ತು ಬಿಟ್ಟರೂ ಹಂಚು ಸವೆಯುವುದಿಲ್ಲ. ಆದರೆ ಒಂದು ಹಂಚಿಗೋಸ್ಕರ ಇಷ್ಟೆಲ್ಲ ಸಾಮಾನು ಕೂಡಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹತ್ತಿರದ ವೆಲ್ಡಿಂಗ್ ಅಂಗಡಿಗೆ ಒಯ್ದರೆ ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ಐದೇ ನಿಮಿಷದಲ್ಲಿ ಬೆಳ್ಳಗೆ ಮಾಡಿಕೊಡುತ್ತಾರೆ. ನನ್ನ ಆಯ್ಕೆ ಇದೇ. "ತಂತಿ ಬ್ರಷ್ ಅಷ್ಟೇ, ಕಲ್ಲಿನ ಚಕ್ರ ಬೇಡ" ಅಂತ ಮೊದಲೇ ಹೇಳಿ. ಕಲ್ಲು ಹಾಕಿದರೆ ಮೈಮೇಲೆ ತಗ್ಗು ಬೀಳುತ್ತದೆ, ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಕು. ಮನೆಗೆ ತಂದ ಮೇಲೆ ತಂತಿಯ ಚೂರು ಅಂಟಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿ ತೊಳೆಯಿರಿ.

ಗಾಡಿಗೆ ಹಚ್ಚುವ ರಸ್ಟ್ ರಿಮೂವರ್, ಟಾಯ್ಲೆಟ್ ಆಸಿಡ್, ಡೀಸೆಲ್, ಸೀಮೆಎಣ್ಣೆ ಬೇಡವೇ ಬೇಡ. ನಟ್ಟು ಬೋಲ್ಟಿಗೆ ಸರಿ, ಉಣ್ಣುವ ಹಂಚಿಗೆ ಅಲ್ಲ.

ತೊಳೆದ ಮೇಲಿನ ಐದು ನಿಮಿಷ

ಎಲ್ಲಕ್ಕಿಂತ ಹೆಚ್ಚು ಹಂಚು ಕೆಡುವುದು ಇಲ್ಲೇ. ಜಂಗು ತೆಗೆದ ಕಬ್ಬಿಣ ಬೆತ್ತಲೆ ಕಬ್ಬಿಣ. ಹುಳಿ ನೀರಿನಿಂದ ತೆಗೆದು ಜಾಲಿಸಿ ಸುಮ್ನೆ ಇಟ್ಟು ನೋಡಿ. ನೋಡುನೋಡುತ್ತಲೇ ಬೆಳ್ಳನೆಯ ಮೈಮೇಲೆ ತೆಳ್ಳನೆ ಅರಿಶಿನದ ಛಾಯೆ ಹರಡುತ್ತದೆ, ಮೊದಲು ಅಂಚಿಗೆ, ಆಮೇಲೆ ನೀರು ನಿಂತ ಕಡೆ. ಒರೆಸಿದ ಬಟ್ಟೆಯಲ್ಲಿ ಕಿತ್ತಳೆ ಬಣ್ಣ. ಅದು ಹೊಸ ಜಂಗು.

ಆದ್ದರಿಂದ ಟಬ್‌ನಿಂದ ಎತ್ತುವ ಮೊದಲೇ ಒಲೆ ಹೊತ್ತಿಸಿಡಿ. ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಹಂಚನ್ನು ಅದರಲ್ಲಿ ಜಾಲಿಸಿ, ಉಳಿದ ಹುಳಿ ಸಾಯುತ್ತದೆ. ಒಳ್ಳೆಯ ನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒತ್ತಿ ಒರೆಸಿ, ಸೀದಾ ಬೆಂಕಿಯ ಮೇಲೆ. ಪೂರ್ತಿ ಒಣಗಿ ಮುಟ್ಟಿದರೆ ಸುಡುವಂತಾದಾಗ ಇಳಿಸಿ, ಬಿಸಿ ಇರುವಾಗಲೇ ಎಣ್ಣೆ ಹಚ್ಚಿ.

ಯಾವ ಎಣ್ಣೆ?

ಪಳಗಿಸುವುದು ಅಂದರೆ ಹಂಚು ಎಣ್ಣೆ ಕುಡಿಯುವುದಲ್ಲ. ತೆಳುವಾಗಿ ಸವರಿದ ಎಣ್ಣೆ ಕಾವು ಮತ್ತು ಗಾಳಿಗೆ ಸಿಕ್ಕಿ ಗಟ್ಟಿಯಾಗಿ, ಕಬ್ಬಿಣಕ್ಕೆ ಅಂಟಿದ ಪೊರೆಯಾಗುತ್ತದೆ. ಯಾವ ಎಣ್ಣೆ ಬೇಗ ಹೀಗೆ ಗಟ್ಟಿಯಾಗುತ್ತದೆ ಅನ್ನುವುದಕ್ಕೆ ಅಯೋಡಿನ್ ಸಂಖ್ಯೆ ಅಂತ ಒಂದು ಅಳತೆ ಇದೆ. ಸಂಖ್ಯೆ ದೊಡ್ಡದಿದ್ದಷ್ಟೂ ಎಣ್ಣೆ ಬೇಗ ಪೊರೆ ಕಟ್ಟುತ್ತದೆ. ಅಗಸೆ ಎಣ್ಣೆಯದು ಸುಮಾರು 170ರಿಂದ 200. ಕುಸುಬೆ ಸುಮಾರು 135ರಿಂದ 150. ಸೂರ್ಯಕಾಂತಿ ಅದರ ಆಸುಪಾಸಿನಲ್ಲಿ, ಸ್ವಲ್ಪ ಕೆಳಗೆ. ಶೇಂಗಾ 85ರಿಂದ 100. ಕೊಬ್ಬರಿ ಎಣ್ಣೆ ಬರೀ ಹತ್ತರ ಒಳಗೆ.

ಈ ಲೆಕ್ಕ ನೋಡಿ ಅಗಸೆಯೇ ಗೆದ್ದಿತು ಅಂದುಕೊಳ್ಳಬೇಡಿ. ಅಗಸೆ ಎಣ್ಣೆಯ ಪೊರೆ ತುಂಬಾ ಗಟ್ಟಿ, ನೋಡಲೂ ಚಂದ. ಆದರೆ ಬಿರುಸು. ಹಂಚು ಕಾದು ಆರಿ, ಕಾದು ಆರಿ ಆಗುವಾಗ ಹಿಗ್ಗಿ ಕುಗ್ಗುತ್ತದೆ, ಪೊರೆ ಅದರ ಜೊತೆ ಹೊಂದಿಕೊಳ್ಳದೆ ಹಕ್ಕಳೆಯಾಗಿ ಏಳುತ್ತದೆ. ಹಾಗೆ ಎದ್ದ ಕಪ್ಪು ಚೂರು ದೋಸೆಗೆ ಅಂಟಿದರೆ ಯಾರಿಗೆ ಇಷ್ಟ? ನಮ್ಮ ಕಡೆ ಅಗಸಿ ಚಟ್ನಿ ಪುಡಿಗೆ ತಲೆ ಕೊಡುವವರು ಬಹಳ. ಅಗಸೆಯನ್ನು ಅಲ್ಲಿಗೇ ಬಿಡೋಣ. ಇನ್ನೊಂದು ಎಚ್ಚರಿಕೆ: ಹಾರ್ಡ್‌ವೇರ್ ಅಂಗಡಿಯಲ್ಲಿ ಕಟ್ಟಿಗೆ ಪಾಲಿಶ್‌ಗೆಂದು ಮಾರುವ ಬಾಯಿಲ್ಡ್ ಅಗಸೆ ಎಣ್ಣೆಯಲ್ಲಿ ಬೇಗ ಒಣಗಲಿ ಅಂತ ಲೋಹದ ಲವಣ ಬೆರೆಸಿರುತ್ತಾರೆ. ಅದನ್ನು ಹಂಚಿಗೆ ಹಚ್ಚಬಾರದು.

ನನ್ನ ಓಟು ಕುಸುಬೆ ಎಣ್ಣೆಗೆ. ನವಲಗುಂದ, ಅಣ್ಣಿಗೇರಿ, ಗದಗ ಕಡೆಯ ಎರೆ ಹೊಲದಲ್ಲಿ ಹಿಂಗಾರಿಗೆ ಜೋಳ-ಕಡಲೆ ಜೊತೆ ಬೆಳೆಯುವ ಮುಳ್ಳಿನ ಬೆಳೆ ಇದು. ಬೇಗ ಪೊರೆ ಕಟ್ಟುತ್ತದೆ, ಅಗಸೆಯಷ್ಟು ಬಿರುಸಾಗುವುದಿಲ್ಲ. ಗಾಣದ ಎಣ್ಣೆ ತಂದರೆ ತಳದ ಮಡ್ಡಿ ಬಿಟ್ಟು ತಿಳಿ ಮಾತ್ರ ತಗೊಳ್ಳಿ. ಮಡ್ಡಿ ಸುಟ್ಟು ಚುಕ್ಕಿ ಚುಕ್ಕಿಯಾಗಿ ಕೂರುತ್ತದೆ. ಗಾಣದ ಎಣ್ಣೆ ರಿಫೈಂಡ್‌ಗಿಂತ ಬೇಗ ಹೊಗೆ ಬಿಡುತ್ತದೆ, ಕಿಟಕಿ ತೆರೆದಿಡಿ. ಕುಸುಬೆ ಸಿಗದಿದ್ದರೆ ಸೂರ್ಯಕಾಂತಿ ಯಾವ ಅಂಗಡಿಯಲ್ಲೂ ಸಿಗುತ್ತದೆ, ಫರಕು ಅಷ್ಟೇನಿಲ್ಲ. ಶೇಂಗಾ ಎಣ್ಣೆಯೂ ನಡೆಯುತ್ತದೆ, ಒಂದೆರಡು ಕೋಟು ಜಾಸ್ತಿ ಬೇಕು. ಮನೆಯಲ್ಲಿ ಅದೊಂದೇ ಇದ್ದರೆ ಬೇರೆ ಎಣ್ಣೆಗಾಗಿ ಅಂಗಡಿಗೆ ಓಡಬೇಡಿ. ಕೊಬ್ಬರಿ ಎಣ್ಣೆ, ತುಪ್ಪ ಈ ಕೆಲಸಕ್ಕೆ ಬರುವುದಿಲ್ಲ. ಜಿಡ್ಡು ಉಳಿಯುತ್ತದೆ, ಪೊರೆ ಕಟ್ಟುವುದಿಲ್ಲ.

ಅಗಸೆ, ಕುಸುಬೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಳಗೊಳಗೇ ಕಾವು ಏರಿ ತಾನೇ ಹೊತ್ತಿಕೊಳ್ಳುವ ಅಪಾಯ ಇದೆ. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಲ್ಲಿ ನೆನೆಸಿ.

ಎಷ್ಟು ಹಚ್ಚಬೇಕು, ಎಲ್ಲಿ ಕಾಯಿಸಬೇಕು

ಎಣ್ಣೆ ಕಡಿಮೆಯಾಗಿ ಪೊರೆ ಕೆಟ್ಟದ್ದು ಅಪರೂಪ. ಜಾಸ್ತಿಯಾಗಿ ಕೆಡುವುದೇ ಎಲ್ಲ ಕಡೆ. ಹತ್ತು ಇಂಚಿನ ಹಂಚಿಗೆ ಅರ್ಧ ಚಮಚವೇ ಹೆಚ್ಚು. ಎರಡೂ ಮೈಗೆ, ಅಂಚಿಗೆ, ಹಿಡಿಕೆಯ ಬುಡಕ್ಕೆ ಸವರಿ. ಆಮೇಲೆ ಬೇರೆ ಒಣ ಬಟ್ಟೆ ತಗೊಂಡು, ತಪ್ಪಿ ಹಚ್ಚಿದ್ದೇವೆ ಅನ್ನುವ ಹಾಗೆ ಪೂರ್ತಿ ಒರೆಸಿ ತೆಗೆಯಿರಿ. ಮೈ ಒಣಗಿದಂತೆ ಕಾಣಬೇಕು. ಉಳಿದಿರುವ ಆ ಕಾಣದ ಎಣ್ಣೆಯೇ ಸಾಕು.

ಕಾಯಿಸುವುದಕ್ಕೆ ಗ್ಯಾಸ್, ಓಟಿಜಿ (ಕರೆಂಟಿನ ಸಣ್ಣ ಓವನ್), ಕಟ್ಟಿಗೆ ಒಲೆ ಈ ಮೂರು ನಮ್ಮ ಮನೆಗಳಲ್ಲಿ ಸಿಗುತ್ತವೆ.

ಗ್ಯಾಸ್ ಒಲೆಯಲ್ಲಿ ಕಣ್ಣೆದುರೇ ಎಲ್ಲ ಗೊತ್ತಾಗುತ್ತದೆ. ನಡು ಉರಿ ಇಡಿ. ಹೊಗೆ ಶುರುವಾಗಿ, ಜೋರಾಗಿ, ಆಮೇಲೆ ತಾನಾಗಿ ನಿಲ್ಲುತ್ತದೆ. ನಿಂತಾಗ ಒಂದು ಕೋಟು ಆಯಿತು. ಥರ್ಮಾಮೀಟರ್ ಇಲ್ಲದವರು ಎಣ್ಣೆ ಹಚ್ಚುವ ಮೊದಲು ಖಾಲಿ ಹಂಚಿನ ಮೇಲೆ ಒಂದು ಹನಿ ನೀರು ಹಾಕಿ ಒಲೆಯ ಅಂದಾಜು ಹಿಡಿಯಬಹುದು. ಹನಿ ಚುಂಯ್ ಅಂತ ಹರಡಿ ಆರಿದರೆ ಕಾವು ಸಾಲದು. ಮಣಿಯಂತೆ ದುಂಡಗಾಗಿ ಉರುಳಾಡಿದರೆ ಸುಮಾರು 200 ಡಿಗ್ರಿ ಮುಟ್ಟಿದೆ. ಗ್ಯಾಸಿನ ಕೊರತೆ ಅಂದರೆ ನಡುವೆ ಕಾದಷ್ಟು ಅಂಚು ಕಾಯುವುದಿಲ್ಲ. ಹಂಚನ್ನು ಆಗಾಗ ಸರಿಸಿ, ಒಂದೊಂದು ಅಂಚನ್ನೂ ಉರಿಯ ಮೇಲೆ ತರಬೇಕು. ಜಂಗು ಮೊದಲು ಹಿಡಿಯುವುದು ಅಂಚಿಗೇ ಯಾಕೆ ಅಂತ ಈಗ ಗೊತ್ತಾಯಿತಲ್ವಾ?

ಓಟಿಜಿಯಲ್ಲಿ ಎಲ್ಲ ಕಡೆ ಒಂದೇ ಕಾವು. ಹಂಚನ್ನು ಬೋರಲು ಹಾಕಿ 230ರಿಂದ 250 ಡಿಗ್ರಿಯಲ್ಲಿ ಒಂದು ಗಂಟೆ ಬಿಟ್ಟು, ಒಳಗೇ ಆರಲು ಬಿಡಿ. ಪೊರೆ ಚೆನ್ನಾಗಿ ಕೂರುತ್ತದೆ. ಆದರೆ ಉದ್ದ ಹಿಡಿಕೆಯ ಹಂಚು ಒಳಗೆ ಹೋಗಬೇಕಲ್ಲ. ಮರದ ಅಥವಾ ಪ್ಲಾಸ್ಟಿಕ್ ಹಿಡಿ ಇದ್ದರಂತೂ ಇಡಲೇಬಾರದು. ಕೋಟಿಗೊಂದು ಗಂಟೆಯ ಕರೆಂಟು ಬಿಲ್ಲೂ ಇದೆ.

ಹಿತ್ತಲಲ್ಲಿ ಕಟ್ಟಿಗೆ ಒಲೆ ಇರುವವರು ಪುಣ್ಯವಂತರು. ಹೊಗೆ ಹೊರಗೇ ಹೋಗುತ್ತದೆ, ಉರಿ ಅಗಲವಾಗಿ ಹರಡುತ್ತದೆ. ಜ್ವಾಲೆ ಇಳಿದು ಕೆಂಡ ಆದ ಮೇಲೆ ಇಡಿ. ಜೋರು ಜ್ವಾಲೆಯಲ್ಲಿ ಪೊರೆ ಕಟ್ಟುವ ಬದಲು ಸುಟ್ಟು ಬೂದಿಯಾಗುತ್ತದೆ.

ಮೊದಲ ಕೋಟಿಗೆ ಹಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಕಪ್ಪಾಗಲಿಲ್ಲ ಅಂತ ಎಣ್ಣೆ ಸುರಿಯಬೇಡಿ. ಕಪ್ಪು ಕೋಟಿನ ಮೇಲೆ ಕೋಟಾಗಿ, ಆಮೇಲೆ ಅಡುಗೆಯಿಂದ ಬರುತ್ತದೆ. ಮುಟ್ಟಿದರೆ ಅಂಟಂಟು ಅನ್ನಿಸಿದರೆ ಎಣ್ಣೆ ಜಾಸ್ತಿಯಾಗಿದೆ, ಇಲ್ಲವೇ ಕಾವು ಸಾಲದು. ಹೊಸ ಎಣ್ಣೆ ಹಚ್ಚದೆ ಹಾಗೇ ಇನ್ನೊಮ್ಮೆ ಕಾಯಿಸಿ.

ಯಾವ ಅಡುಗೆಗೆ ಎಷ್ಟು

ಈಗ ಚಿಗವ್ವನ ಮಾತಿಗೆ ಬರೋಣ. ಜೋಳದ ರೊಟ್ಟಿ ಹೇಗೆ ಬೇಯುತ್ತದೆ ನೋಡಿ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲಿನ ಹಿಟ್ಟು ಹೋಗುವಂತೆ ನೀರು ಸವರುತ್ತೇವೆ. ನೀರು ಆರುತ್ತಿದ್ದಂತೆ ತಿರುವಿ ಹಾಕಿದರೆ ಆ ತೇವದ ಮೈ ಕಾದ ಕಬ್ಬಿಣಕ್ಕೆ ತಾಗುತ್ತದೆ. ಪ್ರತಿ ರೊಟ್ಟಿಗೂ ಹಿಟ್ಟು, ನೀರು, ಹಬೆ. ಎಣ್ಣೆಯ ಸುಳಿವೇ ಇಲ್ಲ. ದಪ್ಪ ಪೊರೆ ಕಟ್ಟಿದರೂ ನಡುವಿನದು ಸವೆದು ಬೂದಿ ಬಣ್ಣದ ಕಬ್ಬಿಣ ಕಾಣುತ್ತದೆ, ಹೊಸ ಪೊರೆಯಿದ್ದರೆ ಮೊದಲ ರೊಟ್ಟಿಗಳಿಗೆ ಎಣ್ಣೆ ವಾಸನೆ ಬೇರೆ. ಜೋಳದ ರೊಟ್ಟಿಗೆ ಜಿಡ್ಡು ಬೇಕಿಲ್ಲ, ಅದು ಕಾದ ಕಬ್ಬಿಣಕ್ಕೆ ಅಂಟುವುದೂ ಕಡಿಮೆ. ಹಾಗಾಗಿ ರೊಟ್ಟಿ ಹಂಚಿಗೆ ಒಂದೆರಡು ತೆಳು ಕೋಟು ಬಹಳಾಯಿತು, ಅದೂ ಅಂಚಿಗೆ ಮತ್ತು ಬೆನ್ನಿಗೆ ಮುಖ್ಯವಾಗಿ. ಖಾನಾವಳಿಗಳ ಹಂಚು ನೋಡಿ. ಯಾರೂ ಪಳಗಿಸುವುದಿಲ್ಲ, ಜಂಗೂ ಹಿಡಿಯುವುದಿಲ್ಲ. ದಿನವಿಡೀ ಬೆಂಕಿಯ ಮೇಲಿರುವ ಕಬ್ಬಿಣಕ್ಕೆ ತೇವ ಎಲ್ಲಿಂದ ಬರಬೇಕು?

ದೋಸೆ, ಥಾಲಿಪಟ್ಟು, ಮೆಂತ್ಯ ಪರೋಟ ಮಾಡುವ ಹಂಚು ಇದಕ್ಕೆ ಉಲ್ಟಾ. ಹಸಿ ಹಿಟ್ಟು ನೇರ ಕಬ್ಬಿಣಕ್ಕೆ ತಾಗುತ್ತದೆ, ದೋಸೆ ಹಿಟ್ಟಿಗೆ ಹುಳಿ ಬೇರೆ ಇರುತ್ತದೆ. ಇಲ್ಲಿ ನಾಲ್ಕೈದು ಕೋಟು ಹಾಕಿ. ಆಮೇಲೂ ಮೊದಲು ಹುಳಿ ಹಿಟ್ಟು ಹೊಯ್ಯದೆ ಕೆಲವು ದಿನ ಚಪಾತಿ, ಈರುಳ್ಳಿ ಹುರಿಯುವುದು, ಎಣ್ಣೆ ಹಾಕಿದ ಥಾಲಿಪಟ್ಟು, ಇಂಥವನ್ನೇ ಮಾಡಿ. ಟೊಮೆಟೊ ಗೊಜ್ಜು, ಹುಣಸೆ ಹುಳಿ ಈ ಹಂಚಿನಲ್ಲಿ ಬೇಡ, ಪೊರೆ ತಿಂದುಹಾಕುತ್ತದೆ. ಒಂದೇ ಹಂಚಿನಲ್ಲಿ ರೊಟ್ಟಿಯೂ ದೋಸೆಯೂ ಮಾಡುತ್ತೀರಾ? ಎರಡು ಹಂಚು ಇಟ್ಟುಕೊಳ್ಳಿ, ಇದಕ್ಕೆ ಬೇರೆ ಉಪಾಯ ಇಲ್ಲ.

ಪಡ್ಡಿನ ಹಂಚಿನಲ್ಲಿ ತೊಂದರೆ ಗುಳಿಗಳದು. ಎಣ್ಣೆ ತಳಕ್ಕೆ ಇಳಿದು ಅಲ್ಲೇ ಅಂಟಾಗುತ್ತದೆ. ಕಡ್ಡಿಗೆ ಬಟ್ಟೆ ಸುತ್ತಿ ಒಂದೊಂದು ಗುಳಿಯನ್ನೂ ಒಣಗುವಷ್ಟು ಒರೆಸಿ, ಓಟಿಜಿ ಇದ್ದರೆ ಬೋರಲು ಹಾಕಿ ಕಾಯಿಸಿ. ಗ್ಯಾಸ್ ಮೇಲೆ ಮಾಡುವಾಗ ಸುತ್ತಲಿನ ಗುಳಿಗಳಿಗೆ ಕಾವು ತಲುಪಲು ಹಂಚನ್ನು ತಿರುಗಿಸುತ್ತಲೇ ಇರಬೇಕು.

ಓಟಿಜಿಯಲ್ಲಿ ಬ್ರೆಡ್, ಪಿಜ್ಜಾ ಮಾಡುವ ಹೊಸಬರು ಈಗ ದಪ್ಪ ಕಬ್ಬಿಣದ ಪ್ಲೇಟ್ ಕೇಳುತ್ತಾರೆ. ಪೇಟೆಯಲ್ಲಿ ಬೇಕಿಂಗ್ ಸ್ಟೀಲ್ ಅಂತ ದುಬಾರಿಗೆ ಮಾರುವುದೂ ಇಂಥ ಪ್ಲೇಟನ್ನೇ. ಗೋಕುಲ ರೋಡ್, ತಾರಿಹಾಳ ಕಡೆಯ ಫ್ಯಾಬ್ರಿಕೇಶನ್ ಅಂಗಡಿಗಳಲ್ಲಿ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಉಕ್ಕು) ಪ್ಲೇಟ್ ಕತ್ತರಿಸಿಕೊಡಿ ಅಂತ ಕೇಳಿ ನೋಡಬಹುದು. ಜಿಐ ಶೀಟ್ ಮಾತ್ರ ತರಬೇಡಿ, ಅದರ ಮೇಲಿನ ಸತುವು ಅಡುಗೆಗೆ ಒಳ್ಳೆಯದಲ್ಲ. 30 ಸೆಂಟಿಮೀಟರ್ ಚೌಕದ, 6 ಮಿಲಿಮೀಟರ್ ದಪ್ಪದ ಪ್ಲೇಟು ನಾಲ್ಕು ಕಿಲೋ ಮೀರಿ ತೂಗುತ್ತದೆ. 10 ಮಿಲಿಮೀಟರ್ ಆದರೆ ಏಳು ಕಿಲೋ. ಓಟಿಜಿಯ ತಂತಿ ಜಾಲರಿ ತಡೆಯುತ್ತದಾ ಅಂತ ಮೊದಲು ನೋಡಿ, ಸುತ್ತ ಗಾಳಿ ಆಡಲು ಎರಡು ಬೆರಳಷ್ಟು ಜಾಗ ಬಿಡಿ. ಹೊಸ ಪ್ಲೇಟಿನ ಮೇಲೆ ನೀಲಿಗಪ್ಪು ಪೊರೆ ಇರುತ್ತದೆ. ಕಾರ್ಖಾನೆಯಲ್ಲಿ ಕಬ್ಬಿಣ ಕಾದಿರುವಾಗ ಉರುಳೆಗಳ ನಡುವೆ ಒತ್ತುವಾಗ ಕಟ್ಟಿದ್ದು ಅದು. ಅದರ ಮೇಲೆ ಎಣ್ಣೆ ಹಚ್ಚಿದರೆ ಮುಂದೊಂದು ದಿನ ಎರಡೂ ಕೂಡಿ ಏಳುತ್ತವೆ. ರಾತ್ರಿಯಿಡೀ ವಿನೆಗರ್‌ನಲ್ಲಿ ನೆನೆಸುವುದು ಸರಿ ಅನ್ನಿಸುವುದು ಈ ಒಂದೇ ಕೆಲಸಕ್ಕೆ. ದಪ್ಪ ಪ್ಲೇಟಿಗೆ ಅದರಿಂದ ಏನೂ ಆಗುವುದಿಲ್ಲ. ಬೆಳಿಗ್ಗೆ ಸ್ಕ್ರಬ್ಬರ್‌ನಿಂದ ಉಜ್ಜಿದರೆ ಕಪ್ಪು ಮಸಿಯಾಗಿ ಬರುತ್ತದೆ. ಚೂಪು ಅಂಚನ್ನು 80 ನಂಬರ್ ಪೇಪರಿನಿಂದ ಮೊಂಡ ಮಾಡಿ. ಮೂರು ಕೋಟು, ಓಟಿಜಿಯಲ್ಲೇ.

ಮಳೆಗಾಲಕ್ಕೆ

ಸಾಬೂನು ಹಚ್ಚಬಾರದು ಅನ್ನುವ ಮಾತಿದೆ. ಗಟ್ಟಿಯಾದ ಪೊರೆಯನ್ನು ಒಂದೆರಡು ಹನಿ ಲಿಕ್ವಿಡ್ ಏನೂ ಮಾಡುವುದಿಲ್ಲ. ಕೆಡಿಸುವುದು ಸಿಂಕಿನಲ್ಲಿ ನೆನೆಸಿ ಬಿಡುವುದು, ಒದ್ದೆ ತಾಟುಗಳ ಜೊತೆ ಪೇರಿಸಿಡುವುದು. ತೊಳೆದ ಹಂಚನ್ನು ಒರೆಸಿ ಎರಡು ನಿಮಿಷ ಒಲೆಯ ಮೇಲೆ ಇಡಿ. ಮೃಗಶಿರಾ ಮಳೆ ಹಿಡಿದ ಮೇಲೆ ಬಟ್ಟೆಯಿಂದ ಒರೆಸಿದ್ದು ಸಾಕಾಗುವುದಿಲ್ಲ.

ವಾರಗಟ್ಟಲೆ ಊರಿಗೆ ಹೋಗುವುದಿದ್ದರೆ ಹಸಿ ಎಣ್ಣೆ ಬಳಿದು ಇಡಬೇಡಿ. ಬರುವ ಹೊತ್ತಿಗೆ ಅದು ಕಮಟು ನಾತ ಹೊಡೆದು ಅಂಟಾಗಿರುತ್ತದೆ. ಒಂದು ತೆಳು ಕೋಟು ಹಾಕಿ, ಹೊಗೆ ನಿಲ್ಲುವ ತನಕ ಕಾಯಿಸಿ, ಪೂರ್ತಿ ಆರಿದ ಮೇಲೆ ಒಣ ಪೇಪರಿನಲ್ಲಿ ಸುತ್ತಿ ಎತ್ತರದ ಶೆಲ್ಫಿನಲ್ಲಿ ಇಡಿ. ಬಚ್ಚಲಿಗೆ ತಾಗಿದ ಗೋಡೆಯ ಕಡೆ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ತಳದಲ್ಲಿ ಬೆಳಕು ಹಾಯುವ ತೂತು ಕಂಡರೆ, ಬೀಡಿನಲ್ಲಿ ಸೀಳು ಕಂಡರೆ, ಅಥವಾ ಗುಂಡಿಗಳು ಉಗುರು ಸಿಕ್ಕುವಷ್ಟು ಆಳವಿದ್ದರೆ ಆ ಹಂಚಿಗೆ ಎಣ್ಣೆ ಖರ್ಚು ಮಾಡಬೇಡಿ. ಗುಜರಿಯವನು ತೂಕಕ್ಕೆ ತಗೊಳ್ಳುತ್ತಾನೆ. ಹೊಸ ಹಂಚು ತಂದಾಗ ಮೈಗೆ ಬಳಿದಿರುವ ಮಷಿನ್ ಎಣ್ಣೆಯನ್ನು ಬಿಸಿನೀರು, ಸಾಬೂನಿನಿಂದ ಎರಡು ಸಲ ತೊಳೆದು ತೆಗೆದು, ಅಲ್ಲಿಂದ ಮೊದಲ ಕೋಟು ಶುರು ಮಾಡಿ.